ಹನ್ನೆರಡು ಇನಿಂಗ್ಸ್ ಎಷ್ಟು ಹೇಳಬಲ್ಲವು?

2005ರ ಏಪ್ರಿಲ್ 5. ವಿಶಾಖಪಟ್ಟಣದ ಹೊಸ ಕ್ರೀಡಾಂಗಣದಲ್ಲಿ ಮೊದಲ ಏಕದಿನ ಅಂತರರಾಷ್ಟ್ರೀಯ ಪಂದ್ಯ, ಎದುರಾಳಿ ಪಾಕಿಸ್ತಾನ. ಮೂರನೇ ಕ್ರಮಾಂಕದಲ್ಲಿ ಇಳಿದ ಉದ್ದ ಕೂದಲಿನ ವಿಕೆಟ್ ಕೀಪರ್ 123 ಎಸೆತಗಳಲ್ಲಿ 148 ರನ್ ಬಾರಿಸಿದರು. ಮಹೇಂದ್ರ ಸಿಂಗ್ ಧೋನಿ ಎಂಬ ಹೆಸರು ಮನೆಮಾತಾದದ್ದು ಅಂದು. ಇಷ್ಟು ಬಹಳ ಮಂದಿಗೆ ನೆನಪಿದೆ. ಅದಕ್ಕೆ ಮುಂಚಿನ ನಾಲ್ಕು ಇನಿಂಗ್ಸ್‌ಗಳು ಅಷ್ಟಾಗಿ ನೆನಪಿಲ್ಲ: 0, 12, ಔಟಾಗದೆ 7, ಮತ್ತು 3. ಒಟ್ಟು 22 ರನ್, ಸರಾಸರಿ 7.33. ಆ ಲೆಕ್ಕವನ್ನೇ ನಂಬಿ ಅವರನ್ನು ಮನೆಗೆ ಕಳಿಸಿದ್ದರೆ ತಪ್ಪೆನ್ನುವವರು ಆಗ ಹೆಚ್ಚಿರುತ್ತಿರಲಿಲ್ಲ. ಮುಂದೆ ಅವರು ಏಕದಿನ ಕ್ರಿಕೆಟ್‌ನಲ್ಲಿ 50ಕ್ಕೂ ಮೀರಿದ ಸರಾಸರಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರನ್ ಗಳಿಸಿದರು.

ಅದೇ ಮೈದಾನ, 2024ರ ಫೆಬ್ರವರಿ. ಇಂಗ್ಲೆಂಡ್ ವಿರುದ್ಧದ ಟೆಸ್ಟ್. ಈಗ ಭಾರತದ ವಿಕೆಟ್ ಕೀಪರ್ ವಿಶಾಖಪಟ್ಟಣದಲ್ಲೇ ಹುಟ್ಟಿ ಬೆಳೆದ ಕೆ.ಎಸ್. ಭರತ್. ಊರಿನ ಜನರ ಮುಂದೆ ಅವರು ಗಳಿಸಿದ್ದು 17 ಮತ್ತು 6. ರಾಜ್‌ಕೋಟ್‌ನ ಮುಂದಿನ ಟೆಸ್ಟ್‌ನಲ್ಲಿ ಆ ಜಾಗಕ್ಕೆ ಧ್ರುವ್ ಜುರೆಲ್ ಬಂದರು. ಆ ಹೊತ್ತಿಗೆ ಭರತ್ ಅವರ ಖಾತೆಯಲ್ಲಿದ್ದದ್ದು 7 ಟೆಸ್ಟ್, 12 ಇನಿಂಗ್ಸ್, 221 ರನ್, ಸರಾಸರಿ 20.09.

ಭರತ್‌ಗೆ ಸಾಕಷ್ಟು ಅವಕಾಶ ಸಿಕ್ಕಿತೇ, ಅವರು ಖಾಯಂ ಆಟಗಾರರಾಗಬಲ್ಲವರಾಗಿದ್ದರೇ ಎಂಬ ವಾದ ಆಂಧ್ರದಲ್ಲಿ ನಡೆದರೆ, ಕರ್ನಾಟಕದ ಬ್ಯಾಟ್ಸ್‌ಮನ್ ಕರುಣ್ ನಾಯರ್ ಬಗ್ಗೆ ಅದೇ ವಾದ ನಮ್ಮ ಊರುಗಳಲ್ಲಿ ನಡೆಯುತ್ತದೆ. ಒಂದು ಕಡೆಯವರು ಅಂಕಿಅಂಶ ತೋರಿಸುತ್ತಾರೆ, ಇನ್ನೊಂದು ಕಡೆಯವರು ಪ್ರತಿಭೆಯ ಮಾತಾಡುತ್ತಾರೆ. ಇಬ್ಬರೂ ಕೇಳದೆ ಬಿಡುವ ಪ್ರಶ್ನೆಯೊಂದಿದೆ. ಹನ್ನೆರಡು ಇನಿಂಗ್ಸ್‌ಗಳಿಗೆ ಒಬ್ಬ ಆಟಗಾರನ ಬಗ್ಗೆ ಎಷ್ಟು ಹೇಳುವ ಶಕ್ತಿಯಿದೆ? ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಖಚಿತವಾದ ಉತ್ತರವಿದೆ.

ಬೆಂಚು ಕಾಯ್ದವರ ಲೆಕ್ಕ

ಭರತ್ ಅವರ ಹನ್ನೆರಡು ಇನಿಂಗ್ಸ್ ಹೇಗೆ ಬಂದವು ಎಂಬುದನ್ನು ಮೊದಲು ನೋಡೋಣ. 2015ರಲ್ಲಿ ಗೋವಾ ವಿರುದ್ಧ ಒಂಗೋಲಿನಲ್ಲಿ 308 ರನ್ ಹೊಡೆದು, ರಣಜಿ ಟ್ರೋಫಿಯಲ್ಲಿ ತ್ರಿಶತಕ ಗಳಿಸಿದ ಮೊದಲ ವಿಕೆಟ್ ಕೀಪರ್ ಎನಿಸಿದವರು ಅವರು. ಭಾರತ ತಂಡದಲ್ಲಿ ಮಾತ್ರ ಬಹುಕಾಲ ಮೀಸಲು ಕೀಪರ್. 2021ರ ನವೆಂಬರಿನಲ್ಲಿ ಕಾನ್ಪುರದ ಟೆಸ್ಟ್‌ನಲ್ಲಿ ವೃದ್ಧಿಮಾನ್ ಸಾಹಾ ಕತ್ತು ನೋವಿನಿಂದ ಹೊರಗುಳಿದಾಗ ಬದಲಿಯಾಗಿ ಕೈಗವಸು ತೊಟ್ಟು, ಕ್ಯಾಚು ಸ್ಟಂಪಿಂಗ್‌ಗಳಿಂದ ಮೆಚ್ಚುಗೆ ಪಡೆದರು. ಬದಲಿ ಆಟಗಾರನಾದ್ದರಿಂದ ಬ್ಯಾಟ್ ಹಿಡಿಯುವಂತಿರಲಿಲ್ಲ.

2022ರ ಡಿಸೆಂಬರ್ 30ರಂದು ತಂಡದ ಖಾಯಂ ಕೀಪರ್ ರಿಷಭ್ ಪಂತ್ ಅವರ ಕಾರು ಅಪಘಾತಕ್ಕೀಡಾಗಿ ಆ ಜಾಗ ತೆರವಾಯಿತು. 2023ರ ಫೆಬ್ರವರಿ 9ರಂದು ನಾಗಪುರದಲ್ಲಿ ಭರತ್ ಮೊದಲ ಟೆಸ್ಟ್ ಆಡಿದರು. ಆಸ್ಟ್ರೇಲಿಯಾ ವಿರುದ್ಧದ ಆ ಸರಣಿಯಲ್ಲಿ ಅವರ ಗಳಿಕೆ 8, 6, ಔಟಾಗದೆ 23, 17, 3 ಮತ್ತು 44. ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ 5 ಮತ್ತು 23. ಆಮೇಲೆ ವೆಸ್ಟ್ ಇಂಡೀಸ್‌ನಲ್ಲಿ ಇಶಾನ್ ಕಿಶನ್ ಕೀಪಿಂಗ್ ಮಾಡಿದರು, ದಕ್ಷಿಣ ಆಫ್ರಿಕಾದಲ್ಲಿ ನಮ್ಮ ಕೆ.ಎಲ್. ರಾಹುಲ್. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಭರತ್ ಮರಳಿದಾಗ 41 ಮತ್ತು 28. ಕೊನೆಗೆ ವಿಶಾಖಪಟ್ಟಣದ 17 ಮತ್ತು 6.

ಮೀಸಲು ಆಟಗಾರನ ಪಾಡೇ ಇದು. ಅವಕಾಶ ಬರುವುದು ಇನ್ನೊಬ್ಬರ ಗಾಯದಿಂದ, ಬಿಡಿಬಿಡಿಯಾಗಿ, ತಾನು ಕೇಳದ ಪಿಚ್ಚಿನಲ್ಲಿ. ತೀರ್ಪು ಮಾತ್ರ ಒಂದೇ ಸರಾಸರಿಯಲ್ಲಿ ಹೊರಬೀಳುತ್ತದೆ.

ಒಂದಗುಳಿನ ನ್ಯಾಯ

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು. ಇಡೀ ಪಾತ್ರೆಯನ್ನು ಬಗ್ಗಿಸಿ ನೋಡಬೇಕಿಲ್ಲ. ಒಂದಗುಳು ಇಷ್ಟು ಚೆನ್ನಾಗಿ ಸಾಕ್ಷಿ ಹೇಳುವುದು ಯಾಕೆ? ಅದೇ ನೀರು, ಅದೇ ಉರಿ, ಅಷ್ಟೇ ಹೊತ್ತು. ಪಾತ್ರೆಯ ಒಂದಗುಳಿಗೂ ಇನ್ನೊಂದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಕಡಿಮೆಯಿದ್ದಲ್ಲಿ ಸಣ್ಣ ಮಾದರಿಯೇ ದೊಡ್ಡ ಸಾಕ್ಷಿ.

ಇನಿಂಗ್ಸ್‌ಗಳು ಹಾಗಲ್ಲ. ಭರತ್ 17 ಮತ್ತು 3 ಗಳಿಸಿದ ಇಂದೋರ್ ಟೆಸ್ಟ್‌ನಲ್ಲಿ ಭಾರತ ತಂಡವೇ 109 ಮತ್ತು 163ಕ್ಕೆ ಕುಸಿದಿತ್ತು. ಅವರು 44 ಗಳಿಸಿದ ಅಹಮದಾಬಾದಿನದು ರನ್ನು ಹರಿದ ಪಿಚ್ಚು. ಪ್ರತಿ ಅಗುಳೂ ಬೇರೆ ಪಾತ್ರೆಯಲ್ಲಿ, ಬೇರೆ ಉರಿಯಲ್ಲಿ ಬೆಂದಿದೆ. ಪಿಚ್ಚು, ಬೌಲರು, ಚೆಂಡಿನ ವಯಸ್ಸು ಎಲ್ಲವೂ ಒಂದೇ ಆಗಿದ್ದರೂ ಬ್ಯಾಟಿಂಗಿನಲ್ಲಿ ಏರಿಳಿತ ಹುಟ್ಟಿನಿಂದಲೇ ಬಂದದ್ದು: ಒಂದೇ ತಪ್ಪಿಗೆ ಆಟ ಮುಗಿಯುತ್ತದೆ. ಎಸೆತ ಬ್ಯಾಟಿನ ಅಂಚಿಗೆ ತಗುಲಿ ಸ್ಲಿಪ್‌ನವನ ಕೈಗೆ ಹೋದರೆ ಸೊನ್ನೆ, ಒಂದು ಬೆರಳು ಆಚೆ ಹೋದರೆ ನಾಲ್ಕು ರನ್ ಜೊತೆಗೆ ಇನ್ನೊಂದು ಬದುಕು.

ಮೂವತ್ತರ ಸರಾಸರಿಯ ಒಳಗೆ

1945ರಲ್ಲಿ ವಿಲಿಯಂ ಎಲ್ಡರ್ಟನ್ ಮತ್ತು ಜಿ.ಎಚ್. ವುಡ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಕ್ರಿಕೆಟ್ ಸ್ಕೋರುಗಳು ಹೇಗೆ ಹರಡಿಕೊಳ್ಳುತ್ತವೆ ಎಂದು ಲೆಕ್ಕ ಹಾಕಿ ಪ್ರಬಂಧಗಳನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ ಊಹೆ ಸರಳವಾದದ್ದು. ಬ್ಯಾಟ್ಸ್‌ಮನ್ ಎಷ್ಟೇ ರನ್‌ನಲ್ಲಿರಲಿ, ಮುಂದಿನ ರನ್ ಗಳಿಸುವ ಮೊದಲೇ ಔಟಾಗುವ ಸಂಭವ ಹೆಚ್ಚುಕಡಿಮೆ ಒಂದೇ ಇರುತ್ತದೆ ಎಂದುಕೊಳ್ಳಿ. ಆಗ ಸ್ಕೋರುಗಳು ಒಂದು ಗೊತ್ತಾದ ಆಕಾರದಲ್ಲಿ ಹರಡಿಕೊಳ್ಳುತ್ತವೆ: ಸಣ್ಣವು ಬಹಳ, ದೊಡ್ಡವು ಕೆಲವೇ. ಕ್ರೀಸಿಗೆ ಬಂದ ಹೊಸತರಲ್ಲಿ ಅಪಾಯ ತುಸು ಹೆಚ್ಚು ಎಂಬುದನ್ನು ಬಿಟ್ಟರೆ, ನಿಜವಾದ ಸ್ಕೋರುಗಳು ಈ ಆಕಾರಕ್ಕೆ ಸಾಕಷ್ಟು ಹತ್ತಿರ.

ಈ ಊಹೆಯಿಂದ ನಾವೇ ಲೆಕ್ಕ ಹಾಕಬಹುದು. ನಿಜವಾದ ಸಾಮರ್ಥ್ಯ 30 ಇರುವ ಒಬ್ಬ ಆಟಗಾರನನ್ನು ತೆಗೆದುಕೊಳ್ಳೋಣ. ಜೀವನವಿಡೀ ಆಡಿದರೆ ಅವನ ಸರಾಸರಿ 30ರಲ್ಲಿ ನಿಲ್ಲುತ್ತದೆ. ಅವನು ಸಾಮಾನ್ಯವಾಗಿ 30ರ ಆಸುಪಾಸಿನಲ್ಲಿ ಔಟಾಗುತ್ತಾನೆ ಎಂದು ನಮಗೆ ಅನಿಸುತ್ತದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಅವನ ನೂರು ಇನಿಂಗ್ಸ್‌ಗಳಲ್ಲಿ ಸುಮಾರು 28 ಎರಡಂಕಿ ಮುಟ್ಟುವುದೇ ಇಲ್ಲ. ಅರ್ಧದಷ್ಟು 21ರ ಒಳಗೇ ಮುಗಿಯುತ್ತವೆ. ಶತಕಗಳು ಮೂರೋ ನಾಲ್ಕೋ. ಆ ಕೆಲವು ದೊಡ್ಡ ಇನಿಂಗ್ಸ್‌ಗಳೇ ಸರಾಸರಿಯನ್ನು 30ಕ್ಕೆ ಎತ್ತಿ ಹಿಡಿಯುತ್ತವೆ.

ಹಾಗಾಗಿ ಕೈಗೆ ಸಿಕ್ಕ ಹನ್ನೆರಡು ಇನಿಂಗ್ಸ್‌ಗಳಲ್ಲಿ ದೊಡ್ಡದೊಂದು ಬಿತ್ತೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿದೆ. ಬಿದ್ದರೆ ಪ್ರತಿಭಾವಂತ, ಬೀಳದಿದ್ದರೆ ಟೆಸ್ಟ್‌ಗೆ ಸಲ್ಲದವ. ಆಟಗಾರ ಮಾತ್ರ ಎರಡು ಸಲವೂ ಅದೇ ಮನುಷ್ಯ.

ತಪ್ಪಿನ ಹರವು

ಕಂಡ ಸರಾಸರಿ ನಿಜವಾದ ಸಾಮರ್ಥ್ಯದಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿದಿರಬಹುದು ಎಂಬುದನ್ನು ತಪ್ಪಿನ ಹರವು ಎನ್ನೋಣ. ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಸ್ಟ್ಯಾಂಡರ್ಡ್ ಎರರ್. ಬ್ಯಾಟಿಂಗಿಗೆ ಇದನ್ನು ಅಂದಾಜಿಸುವುದು ಸುಲಭ: ಸರಾಸರಿಯನ್ನು, ಔಟಾದ ಸಲಗಳ ವರ್ಗಮೂಲದಿಂದ ಭಾಗಿಸಿದರಾಯಿತು. 30ರ ಸಾಮರ್ಥ್ಯದವನು 11 ಸಲ ಔಟಾಗಿದ್ದರೆ ತಪ್ಪಿನ ಹರವು ಸುಮಾರು 9 ರನ್. ಅಂದರೆ ಅವನ ಸರಾಸರಿ 21 ಎಂದು ಕಂಡರೂ 39 ಎಂದು ಕಂಡರೂ ಅಚ್ಚರಿಪಡಬೇಕಿಲ್ಲ.

ಭರತ್ ಔಟಾದದ್ದು 11 ಸಲ, ಗಳಿಸಿದ್ದು 221. ನಿಜವಾದ ಸಾಮರ್ಥ್ಯ 30 ಇದ್ದವರೇ ಇಷ್ಟು ಅಥವಾ ಇದಕ್ಕಿಂತ ಕಡಿಮೆ ಗಳಿಸುವ ಸಂಭವ ಎಷ್ಟು? ಮೇಲಿನ ಊಹೆಯ ಪ್ರಕಾರ ಸುಮಾರು ಎಂಟರಲ್ಲಿ ಒಂದು. 30ರ ಸಾಮರ್ಥ್ಯದ ಎಂಟು ಕೀಪರ್‌ಗಳಿಗೆ ಇಷ್ಟೇ ಅವಕಾಶ ಕೊಟ್ಟರೆ ಅವರಲ್ಲೊಬ್ಬರು ಬರೀ ದುರದೃಷ್ಟದಿಂದ 20ರ ಆಟಗಾರರಂತೆ ಕಾಣುತ್ತಾರೆ. ನಿಜವಾದ ಸಾಮರ್ಥ್ಯ 40 ಇದ್ದಿದ್ದರೆ ಇಷ್ಟು ಕಡಿಮೆ ಗಳಿಸುವ ಸಂಭವ ನಲವತ್ತರಲ್ಲಿ ಒಂದಷ್ಟೇ. ಹೀಗಾಗಿ ಹನ್ನೆರಡು ಇನಿಂಗ್ಸ್ ಏನನ್ನೂ ಹೇಳುವುದಿಲ್ಲ ಎನ್ನುವುದೂ ಸುಳ್ಳು. ಅವು ದೊಡ್ಡ ಆಟಗಾರನ ಸಾಧ್ಯತೆಯನ್ನು ಬಹಳ ಮಟ್ಟಿಗೆ ತಳ್ಳಿಹಾಕುತ್ತವೆ. ಸಾಧಾರಣ ಮತ್ತು ಒಳ್ಳೆಯ ಆಟಗಾರನ ನಡುವೆ ಮಾತ್ರ ಆರಿಸಲಾರವು. ಮೀಸಲು ಆಟಗಾರನ ಭವಿಷ್ಯ ಇರುವುದು ಆ ನಡುವಿನಲ್ಲೇ.

ಹಾಗಾದರೆ ಎಷ್ಟು ಇನಿಂಗ್ಸ್ ಬೇಕು? ವರ್ಗಮೂಲ ಜಿಪುಣ ಗೆಳೆಯ. ತಪ್ಪಿನ ಹರವು ಅರ್ಧವಾಗಬೇಕಾದರೆ ಅವಕಾಶ ನಾಲ್ಕು ಪಟ್ಟಾಗಬೇಕು. 30ರ ಆಟಗಾರನನ್ನು 40ರವನಿಂದ ಒಂದಿಷ್ಟು ಭರವಸೆಯಿಂದ ಬೇರ್ಪಡಿಸಲು ಸುಮಾರು 50 ಸಲವಾದರೂ ಔಟಾಗಬೇಕು. ಟೆಸ್ಟ್ ಕ್ರಿಕೆಟ್‌ನಲ್ಲಿ ಅಷ್ಟಾಗಲು ಖಾಯಂ ಆಟಗಾರನಿಗೇ ಮೂರ್ನಾಲ್ಕು ವರ್ಷ ಹಿಡಿಯುತ್ತದೆ. ಬೆಂಚಿನವನಿಗೆ ಅದು ಎಂದೂ ಸಿಗುವುದಿಲ್ಲ.

ಹಡಗಲಿಯ ಹುಡುಗ ಕಂಡುಕೊಂಡ ಮಿತಿ

ಇಷ್ಟು ಕೇಳಿದ ಮೇಲೆ, ಸರಾಸರಿಗಿಂತ ಜಾಣ ಅಳತೆಯೊಂದನ್ನು ಕಂಡುಹಿಡಿದರೆ ಹನ್ನೆರಡು ಇನಿಂಗ್ಸ್‌ಗಳಿಂದಲೇ ಹೆಚ್ಚು ಹಿಂಡಬಹುದಲ್ಲ ಎಂದು ತೋರಬಹುದು. ಈ ಆಸೆಗೆ ಉತ್ತರ ಕೊಟ್ಟವರು ವಿಶಾಖಪಟ್ಟಣದಲ್ಲಿ ಓದಿದ ಒಬ್ಬ ಗಣಿತಜ್ಞ, ಅದೂ ಆ ಎರಡು ಕ್ರಿಕೆಟ್ ಪ್ರಬಂಧಗಳು ಬಂದ 1945ರಲ್ಲೇ.

ಕಲ್ಯಂಪುಡಿ ರಾಧಾಕೃಷ್ಣ ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು ನಮ್ಮ ಹೂವಿನಹಡಗಲಿಯಲ್ಲಿ, ತೆಲುಗು ಕುಟುಂಬದಲ್ಲಿ. ಶಾಲೆಯ ಓದು ಗೂಡೂರು, ವಿಜಯವಾಡದ ಆಸುಪಾಸಿನ ನೂಜಿವೀಡು ಮತ್ತು ನಂದಿಗಾಮ, ಬಳಿಕ ವಿಶಾಖಪಟ್ಟಣ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಸ್ನಾತಕೋತ್ತರ ಪದವಿ ಪಡೆದು ಕಲ್ಕತ್ತೆಗೆ ಹೋದರು. ಇಪ್ಪತ್ತರ ಹರೆಯದಲ್ಲಿ ಅವರು ಸಾಧಿಸಿ ತೋರಿಸಿದ್ದು ಇದು: ಕೈಯಲ್ಲಿರುವ ಮಾಹಿತಿಯೊಂದನ್ನೇ ನೆಚ್ಚಿ, ಯಾವ ಕಡೆಗೂ ವಾಲದೆ ಮಾಡುವ ಅಂದಾಜಿನ ನಿಖರತೆಗೆ ಒಂದು ಗಡಿಯಿದೆ. ಎಂಥ ಜಾಣ ಸೂತ್ರ ಹೆಣೆದರೂ ತಪ್ಪಿನ ಹರವನ್ನು ಆ ಗಡಿಗಿಂತ ಕೆಳಗೆ ಇಳಿಸಲಾಗದು. ಸ್ವೀಡನ್ನಿನ ಹಾರಾಲ್ಡ್ ಕ್ರಾಮರ್ ಇದೇ ಸತ್ಯವನ್ನು ಸ್ವತಂತ್ರವಾಗಿ ತಲುಪಿದ್ದರಿಂದ ಇದಕ್ಕೆ ಕ್ರಾಮರ್–ರಾವ್ ಮಿತಿ ಎಂಬ ಹೆಸರು ಬಂತು. 2023ರಲ್ಲಿ ರಾವ್ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ, 102ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಎಲ್ಡರ್ಟನ್ ಮತ್ತು ವುಡ್ ನೋಡಿದ ಸ್ಕೋರುಗಳ ಆಕಾರಕ್ಕೆ ರಾವ್ ಅವರ ಮಿತಿಯನ್ನು ಅನ್ವಯಿಸಿದರೆ, ನಾವೆಲ್ಲ ಬಳಸುವ ಸಾದಾ ಬ್ಯಾಟಿಂಗ್ ಸರಾಸರಿ ಆಗಲೇ ಆ ಗಡಿಯನ್ನು ಮುಟ್ಟಿ ನಿಂತಿದೆ. ಆಯ್ಕೆಗಾರರಾಗಲಿ ಅಭಿಮಾನಿಗಳಾಗಲಿ ಅದೇ ರನ್ನುಗಳನ್ನು ಎಷ್ಟೇ ತಿರುಗಿಸಿ ಮುರುಗಿಸಿ ನೋಡಿದರೂ ಹೆಚ್ಚಿನದೇನೂ ಹೊರಡದು. ಹೆಚ್ಚು ತಿಳಿಯಬೇಕಾದರೆ ದಾರಿ ಎರಡೇ. ಹೆಚ್ಚು ಆಡಿಸಬೇಕು, ಇಲ್ಲವೇ ಆ ಹನ್ನೆರಡು ಇನಿಂಗ್ಸ್‌ಗಳ ಹೊರಗಿನಿಂದ ಮಾಹಿತಿ ತರಬೇಕು.

ನಡುವಿನತ್ತ ಎಳೆದ ಅಂದಾಜು

ಎರಡನೆಯ ದಾರಿಯನ್ನು ಚೆನ್ನಾಗಿ ತೋರಿಸಿದ ಉದಾಹರಣೆ ಅಮೆರಿಕದ ಬೇಸ್‌ಬಾಲ್‌ನದು. ಅಲ್ಲಿ ಖಾಯಂ ಆಟಗಾರ ಒಂದೇ ಋತುವಿನಲ್ಲಿ 500ಕ್ಕೂ ಹೆಚ್ಚು ಸಲ ಬ್ಯಾಟಿಂಗಿಗೆ ನಿಲ್ಲುತ್ತಾನೆ. ಬ್ರಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1970ರ ಋತುವಿನ 18 ಆಟಗಾರರನ್ನು ಆರಿಸಿ, ಪ್ರತಿಯೊಬ್ಬರ ಮೊದಲ 45 ಅವಕಾಶಗಳನ್ನು ಮಾತ್ರ ನೋಡಿದರು. ಉಳಿದ ಋತುವಿನಲ್ಲಿ ಅವರು ಹೇಗೆ ಆಡುತ್ತಾರೆ ಎಂದು ಅಷ್ಟರಿಂದಲೇ ಊಹಿಸಬೇಕು.

ಪಟ್ಟಿಯ ತುದಿಯಲ್ಲಿ ರಾಬರ್ಟೊ ಕ್ಲೆಮೆಂಟೆ, ನೂರಕ್ಕೆ 40ರ ಯಶಸ್ಸು. ಬುಡದಲ್ಲಿ ಮ್ಯಾಕ್ಸ್ ಆಲ್ವಿಸ್, ನೂರಕ್ಕೆ 16ರಷ್ಟು. ಉಳಿದ ಋತುವಿನಲ್ಲಿ ಕ್ಲೆಮೆಂಟೆ ಸುಮಾರು 35ಕ್ಕೆ ಇಳಿದರು, ಆಲ್ವಿಸ್ 20ಕ್ಕೆ ಏರಿದರು. ಪ್ರತಿಯೊಬ್ಬರ ಅಂಕಿಯನ್ನೂ ಎಲ್ಲರ ಸರಾಸರಿಯತ್ತ ಒಂದಿಷ್ಟು ಎಳೆದು ಮಾಡಿದ ಅಂದಾಜು, ಎಳೆಯದೆ ಇಟ್ಟ ಅಂಕಿಗಿಂತ ಒಟ್ಟಿನಲ್ಲಿ ಎಷ್ಟೋ ನಿಖರವಾಗಿತ್ತು. ತಪ್ಪುಗಳ ವರ್ಗಗಳನ್ನು ಕೂಡಿಸಿದರೆ ಅದು ಮೂರೂವರೆ ಪಟ್ಟು ಕಡಿಮೆ. ಸಂಖ್ಯಾಶಾಸ್ತ್ರಜ್ಞ ಚಾರ್ಲ್ಸ್ ಸ್ಟೀನ್ 1950ರ ದಶಕದಲ್ಲಿ ಗಣಿತದಿಂದ ತೋರಿಸಿದ್ದ ಸತ್ಯ ಆಟದ ಮೈದಾನದಲ್ಲಿ ಹೀಗೆ ಕಣ್ಣಿಗೆ ಕಂಡಿತು.

ಎಷ್ಟು ಎಳೆಯಬೇಕು? ಅವಕಾಶ ಕಡಿಮೆಯಿದ್ದಷ್ಟೂ ಹೆಚ್ಚು. ಉದಾಹರಣೆಗೆ, ದೇಶೀಯ ಕ್ರಿಕೆಟ್ಟಿನ ದಾಖಲೆ ನೋಡಿ ಒಬ್ಬ ಕೀಪರ್ ಟೆಸ್ಟ್‌ನಲ್ಲಿ 30ರ ಸರಾಸರಿ ಗಳಿಸಿಯಾನು ಎಂದು ಮೊದಲೇ ಅಂದಾಜಿಸಿದ್ದೇವೆ, ಆ ಅಂದಾಜಿಗೆ 20 ಸಲ ಔಟಾದಷ್ಟು ತೂಕ ಕೊಟ್ಟಿದ್ದೇವೆ ಎನ್ನೋಣ. ಅವನು 11 ಸಲ ಔಟಾಗಿ 221 ಗಳಿಸಿದ ಮೇಲೆ ಹೊಸ ಅಂದಾಜು ಸುಮಾರು 26.5. ಅಂದಾಜು ಇಳಿಯಿತು, 20ಕ್ಕೆ ಕುಸಿಯಲಿಲ್ಲ. ಅವನು ಇನ್ನೂ 50 ಸಲ ಆಡಿ 20ರಲ್ಲೇ ನಿಂತರೆ ಹಳೆಯ ದಾಖಲೆಯ ಮಾತು ತಾನಾಗಿ ಕ್ಷೀಣಿಸುತ್ತದೆ. ನ್ಯಾಯವಾದ ತೀರ್ಪು ಕೆಲಸ ಮಾಡುವ ಬಗೆ ಇದು.

ಮೇಲಿದ್ದದ್ದು ಯಾಕೆ ಇಳಿಯುತ್ತದೆ

ಇದೇ ನಿಯಮ ಎದುರು ದಿಕ್ಕಿನಲ್ಲೂ ನಡೆಯುತ್ತದೆ. ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಗಳಿಸಿದರು. ಮೊದಲ 6 ಟೆಸ್ಟ್‌ಗಳ ಬಳಿಕ ಅವರ ಸರಾಸರಿ 62.33. ಆ ಒಂದು ಇನಿಂಗ್ಸ್ ತೆಗೆದರೆ ಉಳಿದ ಆರರಲ್ಲಿ 71 ರನ್. ಒಂದೇ ಸಾಲಿನ ಅಂಕಿಗಳನ್ನು ಹಿಡಿದು ಅವರ ಬೆಂಬಲಿಗರೂ ಟೀಕಾಕಾರರೂ ಸಮನಾಗಿ ವಾದಿಸಬಹುದಿತ್ತು. 2017ರ ಮಾರ್ಚ್ ನಂತರ ಎಂಟು ವರ್ಷ ಅವರಿಗೆ ಟೆಸ್ಟ್ ಸಿಗಲಿಲ್ಲ.

2024–25ರಲ್ಲಿ ವಿದರ್ಭದ ಪರ ವಿಜಯ್ ಹಜಾರೆ ಟ್ರೋಫಿಯಲ್ಲಿ, ವಿಶಾಖಪಟ್ಟಣದ ನೆರೆಯ ವಿಜಯನಗರಂನಲ್ಲೂ ಆಡುತ್ತ, ಅವರು ಎಂಟು ಇನಿಂಗ್ಸ್‌ಗಳಲ್ಲಿ ಎರಡೇ ಸಲ ಔಟಾಗಿ 779 ರನ್ ಕಲೆಹಾಕಿದರು. ಸರಾಸರಿ 389.5. ಅವರ ನಿಜವಾದ ಸಾಮರ್ಥ್ಯ 389 ಎಂದು ಯಾರೂ ನಂಬಲಿಲ್ಲ. ಔಟಾದದ್ದು ಎರಡೇ ಸಲವಲ್ಲವೇ, ಆ ಸರಾಸರಿಗೆ ಅರ್ಥವಿಲ್ಲ ಎಂದು ಎಲ್ಲರಿಗೂ ಹೊಳೆಯಿತು. ಆದರೆ ಮೂರು ಸಲ ಔಟಾಗಿ ಬಂದ ಧೋನಿಯ 7.33ನ್ನು ನಂಬಲು ನಾವು ಸಿದ್ಧರಿರುತ್ತೇವೆ. ಎತ್ತರದ ಅಂಕಿಯನ್ನು ಅನುಮಾನಿಸುವ ವಿವೇಕವನ್ನು ತಗ್ಗಿನ ಅಂಕಿಗೂ ತೋರಿಸಬೇಕು.

2025ರಲ್ಲಿ ಇಂಗ್ಲೆಂಡಿನಲ್ಲಿ ಕರುಣ್ ಎಂಟು ಇನಿಂಗ್ಸ್‌ಗಳಿಂದ 205 ರನ್ ಗಳಿಸಿದರು. ಆ ಬೌಲಿಂಗ್, ಆ ಹವೆ ಕಠಿಣವಾಗಿದ್ದವು ಎಂಬುದು ನಿಜ. ಇನ್ನೊಂದು ಕಾರಣವೂ ಇದೆ. ಆಟಗಾರನನ್ನು ತಂಡಕ್ಕೆ ಕರೆಯುವುದು ಅವನ ಏರಿಕೆಯ ತುದಿಯಲ್ಲಿ. ಸಾಮರ್ಥ್ಯಕ್ಕೆ ಅದೃಷ್ಟವೂ ಸೇರಿದಾಗಲೇ ತುದಿ ಮುಟ್ಟುವುದು. ಮುಂದಿನ ಸಲ ಸಾಮರ್ಥ್ಯ ಜೊತೆಗಿರುತ್ತದೆ, ಅದೃಷ್ಟ ಅಷ್ಟೇ ಇರುವ ಭರವಸೆಯಿಲ್ಲ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರದಲ್ಲಿ ಗುರುತಿಸಿದ ಈ ಸಂಗತಿಯನ್ನು ಸರಾಸರಿಯತ್ತ ಮರಳುವಿಕೆ ಎನ್ನಬಹುದು. ಭರತ್ ಜಾಗಕ್ಕೆ ಬಂದ ಜುರೆಲ್ ಮೊದಲ ಸರಣಿಯಲ್ಲಿ 63.33ರ ಸರಾಸರಿ ಗಳಿಸಿ, ಪರ್ತ್‌ನಲ್ಲಿ ಆಡಿದ ಮುಂದಿನ ಟೆಸ್ಟ್‌ನಲ್ಲಿ 11 ಮತ್ತು 1ಕ್ಕೆ ಔಟಾದರು. ಅದು ಅವರ ಪತನವೂ ಆಗಿರಲಿಲ್ಲ, ಮೊದಲ ಸರಣಿ ಅವರ ನಿಜರೂಪವೂ ಆಗಿರಲಿಲ್ಲ.

ತೀರ್ಪು ಕೊಡುವವರಿಗೆ

ಭರತ್ ಅವರನ್ನು ಕೈಬಿಟ್ಟದ್ದು ಅನ್ಯಾಯ ಎಂದು ಈ ಲೆಕ್ಕ ಸಾಧಿಸುವುದಿಲ್ಲ. ತಂಡದಲ್ಲಿ ಕೀಪರ್‌ಗೆ ಇರುವುದು ಒಂದೇ ಜಾಗ, ಪಂದ್ಯ ಇಂದೇ ಗೆಲ್ಲಬೇಕು, ಎಲ್ಲರಿಗೂ ಐವತ್ತು ಇನಿಂಗ್ಸ್ ಕೊಡಲಾಗದು. ಆಯ್ಕೆ ಮಾಡಲೇಬೇಕು, ಆಯ್ಕೆಯಲ್ಲಿ ತಪ್ಪುಗಳೂ ಆಗುತ್ತವೆ. ಆದರೆ ಒಬ್ಬನನ್ನು ತೆಗೆಯುವುದು ಬೇರೆ, ಅವನಿಗೆ ಯೋಗ್ಯತೆಯೇ ಇಲ್ಲವೆಂದು ಸಾರುವುದು ಬೇರೆ. ಮೊದಲನೆಯದಕ್ಕೆ ಹನ್ನೆರಡು ಇನಿಂಗ್ಸ್ ಸಾಕಾಗಬಹುದು. ಎರಡನೆಯದಕ್ಕೆ ಅವು ಎಂದೂ ಸಾಲವು.

ಆದ್ದರಿಂದ ಮೀಸಲು ಆಟಗಾರನ ಬಗ್ಗೆ ಮುಂದಿನ ಸಲ ವಾದಕ್ಕೆ ಕುಳಿತಾಗ ಸರಾಸರಿ ಹೇಳುವ ಮೊದಲು ಮೂರು ಪ್ರಶ್ನೆ ಕೇಳಿ. ಆತ ಔಟಾದದ್ದು ಎಷ್ಟು ಸಲ? ಯಾವ ಪಿಚ್ಚಿನಲ್ಲಿ, ಯಾವ ಸ್ಥಿತಿಯಲ್ಲಿ? ಅದಕ್ಕೆ ಮುಂಚಿನ ಹತ್ತು ವರ್ಷ ರಣಜಿಯಲ್ಲಿ ಆತ ಏನು ಮಾಡಿದ್ದ? ಮೂರಕ್ಕೂ ಉತ್ತರ ಸಿಕ್ಕ ಮೇಲೆ ತೀರ್ಪು ಕೊಡಿ. ಶಾಲೆಯಲ್ಲಿ ಒಂದು ಪರೀಕ್ಷೆ ಕೆಟ್ಟ ಮಗುವಿನ ಬಗ್ಗೆ, ಕೆಲಸಕ್ಕೆ ಸೇರಿ ಮೊದಲ ತಿಂಗಳು ಎಡವಿದ ಹುಡುಗಿಯ ಬಗ್ಗೆ ಮಾತಾಡುವಾಗಲೂ ಇದೇ ಮೂರು ಪ್ರಶ್ನೆಗಳನ್ನು ಕೇಳಿ.